ಕಾಲು ನಿಲ್ಲಿಸುವ ಪುಸ್ತಕ

ಮೂವತ್ತೊಂದು ವರ್ಷ ಪಾಠ ಹೇಳಿ ಕವಿತೆಗಳನ್ನು ಅರೆದು ಕುಡಿದವಳು ನಾನು ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದ್ದು ನನ್ನ ಚಿಕ್ಕಮ್ಮನ ಬಲಗಾಲು.

ಚಿಕ್ಕಮ್ಮ ಬಟ್ಟೆ ಹೊಲಿಯುತ್ತಿದ್ದವಳು. ಈಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಮರೆವು ಬಂದು ಎರಡು ವರ್ಷ. ನಾನು ಯಾರೆಂದು ಅವಳಿಗೆ ಗೊತ್ತಾಗದೆ ಮೂರು ತಿಂಗಳು. ಮಾತೂ ನಿಂತಿದೆ. ನಿಲ್ಲದಿರುವುದು ಬಲಗಾಲು ಒಂದೇ. ಹೊದಿಕೆಯ ಕೆಳಗೆ ಅದು ಇಲ್ಲದ ಮಿಷನ್ನನ್ನು ತುಳಿಯುತ್ತಲೇ ಇರುತ್ತದೆ. "ಕಿವಿ ಚೆನ್ನಾಗಿದೆ, ಏನಾದ್ರೂ ಓದಿ ಹೇಳ್ತಾ ಇರಿ" ಎಂದರು ಡಾಕ್ಟರು. ಒಂದೇ ಒಂದು ಸಲ ಅವಳು ನನ್ನ ಗುರುತು ಹಿಡಿದರೆ ಸಾಕು ಎಂದು ನನ್ನ ಜೀವ ಹಾತೊರೆಯುತ್ತಿತ್ತು.

ಕಪಾಟಿನಿಂದ ಎಲ್ಲಕ್ಕಿಂತ ದಪ್ಪನೆಯ ಕವನ ಸಂಕಲನ ತೆಗೆದೆ. ಮೂವರು ಸಂಪಾದಕರು, ನಲವತ್ತು ಪುಟದ ಮುನ್ನುಡಿ, ಪುಟಪುಟಕ್ಕೂ ಅಡಿಟಿಪ್ಪಣಿ. ಒಂದು ವಾರ ಗಂಟಲು ಹರಿದುಕೊಂಡು ಓದಿದೆ. ಕಾಲು ತನ್ನ ಪಾಡಿಗೆ ತಾನು ತುಳಿಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಗಂಡ, "ನಿನ್ನ ಕ್ಲಾಸಲ್ಲೂ ಎಲ್ಲಾ ಹೀಗೇ ಕಾಲು ಅಲ್ಲಾಡಿಸ್ತಾ ಕೂತಿರ್ತಿದ್ರೇನೋ" ಎಂದ. ಮೈಯೆಲ್ಲ ಉರಿದುಹೋಯಿತು. ಆದರೆ ಆ ಕಾಲನ್ನು ಮತ್ತೊಮ್ಮೆ ನೋಡಿದಾಗ ಚಿಕ್ಕಮ್ಮನ ಹಳೆಯ ಹೊಲಿಗೆ ಅಂಗಡಿಯೂ ಅಲ್ಲಿನ ಕಾನೂನೂ ನೆನಪಾದವು.

ನಾನು ಚಿಕ್ಕವಳಿದ್ದಾಗ ಅಮ್ಮನಿಗೆ ಗಿರಣಿಯಲ್ಲಿ ಸಂಜೆ ಪಾಳಿ. ಹಾಗಾಗಿ ಶಾಲೆ ಬಿಟ್ಟೊಡನೆ ನಾನು ಚಿಕ್ಕಮ್ಮನ ಅಂಗಡಿಗೆ ಓಡುತ್ತಿದ್ದೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಹೋಗಬೇಕು, ಅಷ್ಟೇ ಅಗಲ. ಮಿಷನ್ ಎಣ್ಣೆ, ಬಿಸಿ ಇಸ್ತ್ರಿ, ಹೊಸ ಬಟ್ಟೆಯ ಗಂಜಿಯ ವಾಸನೆ. ಬಟ್ಟೆಚೂರುಗಳ ಗುಡ್ಡೆಯೇ ನನ್ನ ಸಿಂಹಾಸನ. ಚಿಕ್ಕಮ್ಮನಿಗೆ ಓದು ಬರಹ ಬಾರದು. ಗ್ರಂಥಾಲಯದಿಂದ ಕವನ ಸಂಕಲನ ಆರಿಸಿ ತಂದು ಗಟ್ಟಿಯಾಗಿ ಓದುವುದು ನನ್ನ ಕೆಲಸ. "ಕತೆ ಬೇಡ ಕಣೇ. ಕತೆಗೆ ಕಿವಿ ಕೊಟ್ರೆ ತೋಳು ಹೊಲಿಯೋ ಕಡೆ ಜೇಬು ಹೊಲಿದಿರ್ತೀನಿ" ಎನ್ನುತ್ತಿದ್ದಳು. ಮುನ್ನುಡಿ ಶುರುಮಾಡಿದರೋ, "ಕಾಲರ್ ಒಳಗಿನ ಕ್ಯಾನ್ವಾಸ್ ಯಾಕೆ ತೋರಿಸ್ತೀಯಾ? ಅಂಗಿ ತೋರಿಸು" ಎಂದು ಗದರುತ್ತಿದ್ದಳು.

ನಾನು ಓದುತ್ತಿದ್ದಷ್ಟು ಹೊತ್ತೂ ಮಿಷನ್ ಓಡುತ್ತಿತ್ತು. ಎಲ್ಲೋ ಒಂದು ಸಾಲಿಗೆ ಅವಳ ಕಾಲು ತಟ್ಟನೆ ನಿಲ್ಲುತ್ತಿತ್ತು. ಹೊಗಳಿಕೆಯಿಲ್ಲ, ನಿಟ್ಟುಸಿರಿಲ್ಲ. ಎಡಭುಜದ ಬಟ್ಟೆಗೆ ಸಾಲಾಗಿ ಚುಚ್ಚಿಕೊಂಡಿದ್ದ ಗುಂಡುಪಿನ್ನುಗಳಲ್ಲಿ ಒಂದನ್ನು ಕಿತ್ತು, ನನಗೆ ತಾಗದಂತೆ ಮೊನೆಯನ್ನು ತನ್ನ ಕಡೆ ತಿರುಗಿಸಿ ಚಾಚುತ್ತಿದ್ದಳು. ನಾನು ಅದನ್ನು ಆ ಪುಟಕ್ಕೆ ಚುಚ್ಚಬೇಕು. ಭುಜದ ಪಿನ್ನನ್ನು ಅವಳು ಬೇರೆ ಯಾರ ಕೈಗೂ ಕೊಟ್ಟವಳಲ್ಲ. ಮೂರು ಪಿನ್ನು ಬಿದ್ದರೆ ಒಳ್ಳೆಯ ಸಂಕಲನ. ಒಂದೂ ಬೀಳದಿದ್ದರೆ ಮರುದಿನವೇ ವಾಪಸ್ಸು. ಕೆಲವೊಮ್ಮೆ ಕಾಲು ನಿಂತದ್ದೇ ತಡ ನಾನು ಕೈ ಒಡ್ಡಿದರೆ, "ದಾರ ಕಿತ್ತಿದ್ದು ಕಣೇ, ನಿನ್ನ ಕವಿತೆಗಲ್ಲ" ಎಂದು ಕೈಗೊಂದು ಏಟು ಬೀಳುತ್ತಿತ್ತು. ಗ್ರಂಥಪಾಲಕರು, ಪಾಪ, ಪುಟಗಳ ತೂತು ನೋಡಿ ಹುಳ ಹಿಡಿದಿದೆಯೆಂದು ಕಪಾಟಿಗೆಲ್ಲ ನುಸಿಗುಳಿಗೆ ಹಾಕಿಸಿದ್ದರು.

ಮರುದಿನ ಹಳೆ ಪುಸ್ತಕದ ಅಂಗಡಿಗೆ ಹೋದೆ. ಕವಿತೆಯ ಕಪಾಟಿನ ಮುಂದೆ ಸ್ಟೂಲು ಎಳೆದು ಕೂತು, ಬಲಗಾಲಲ್ಲಿ ಇಲ್ಲದ ಮಿಷನ್ ತುಳಿಯುತ್ತಾ, ಒಂದೊಂದೇ ಸಂಕಲನ ತೆಗೆದು ಪಿಸುದನಿಯಲ್ಲಿ ಓದತೊಡಗಿದೆ. ಘಟಾನುಘಟಿ ಸಂಪಾದಕರ ಎಂಟು ಪುಸ್ತಕ ದಾಟಿದರೂ ಕಾಲು ಓಡುತ್ತಲೇ ಇತ್ತು.

"ಯಾಕೆ ಮೇಡಂ, ಕಾಲು ಜೋಮು ಹಿಡೀತಾ?" ಎಂದರು ಅಂಗಡಿಯವರು.

"ಇಲ್ಲ, ಪುಸ್ತಕ ಆರಿಸ್ತಾ ಇದೀನಿ."

ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಕಾಲನ್ನೇ ನೋಡಿದರು.

ಒಂಬತ್ತನೆಯದಕ್ಕೆ ಸರಿಯಾದ ರಟ್ಟೂ ಇರಲಿಲ್ಲ, ಮುನ್ನುಡಿಯೂ ಇರಲಿಲ್ಲ. ಯಾವುದೋ ಊರಿನ ಅಂಚೆ ನೌಕರರು ತಮಗೆ ಹಿಡಿಸಿದ ಕವಿತೆಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸಿದ್ದು. ಹದಿನೇಳನೇ ಪುಟದಲ್ಲಿ ಎಂಟು ಸಾಲು: ಯಾರದೋ ಮನೆಯಲ್ಲಿ ಬಿಟ್ಟುಹೋದ ಕೊಡೆಯೊಂದು, ತನ್ನವರಿಗೆ ತನ್ನ ನೆನಪಾಗಲೆಂದು ಮಳೆಗಾಗಿ ಕಾಯುತ್ತದೆ. ಆರನೇ ಸಾಲಿಗೆ ನನ್ನ ಕಾಲು ನಿಂತಿತ್ತು. ನಿಂತದ್ದು ಗೊತ್ತಾಗಿದ್ದು ಎಂಟೂ ಸಾಲು ಮುಗಿದ ಮೇಲೆ.

ಸಂಜೆ ಚಿಕ್ಕಮ್ಮನ ಪಕ್ಕ ಕೂತು, ಪಾಠದ ದನಿ ಬಿಟ್ಟು, ಬಟ್ಟೆಚೂರುಗಳ ಮೇಲೆ ಕೂತು ಓದುತ್ತಿದ್ದ ಹಾಗೆ ಓದಿದೆ. ಮೊದಲ ಕವಿತೆಗೆ ಕಾಲು ತುಳಿಯಿತು. ಎರಡನೆಯದಕ್ಕೂ ತುಳಿಯಿತು. ಹಾಗೇ ಹದಿನೇಳನೇ ಪುಟ ಬಂತು. ಆರನೇ ಸಾಲಿಗೆ ಹೊದಿಕೆ ಅಲುಗುವುದು ನಿಂತಿತು.

ದಾರ ಕಿತ್ತಿರಬೇಕು ಎಂದುಕೊಂಡು ಕೈ ಒಡ್ಡದೆ ಕೂತೆ. ಚಿಕ್ಕಮ್ಮನ ಕಣ್ಣು ಕಿಟಕಿಯ ಕಡೆಗೇ ಇತ್ತು. ಆದರೆ ಅವಳ ಬಲಗೈ ನಿಧಾನವಾಗಿ ಮೇಲೆದ್ದು ಎಡಭುಜದ ಮೇಲೆ ತಡಕಾಡಿತು. ಅಲ್ಲಿ ಇಲ್ಲದ್ದನ್ನು ಎರಡು ಬೆರಳಲ್ಲಿ ಕಿತ್ತು, ಮೊನೆಯನ್ನು ತನ್ನ ಕಡೆ ತಿರುಗಿಸಿಕೊಂಡು, ನನ್ನತ್ತ ಚಾಚಿತು.

ನಾನು ಅದನ್ನು ಇಸಿದುಕೊಂಡು ಹದಿನೇಳನೇ ಪುಟಕ್ಕೆ ಚುಚ್ಚಿದೆ.