ಹಿಡಿಯಕ್ಕಿಯ ಡಬ್ಬಿ

ನಾನೊಂದು ತಗಡಿನ ಡಬ್ಬಿ. ಹಳೆಯ ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ, ಬಡಿದು, ಬೆಸುಗೆ ಹಾಕಿ ಬೆಟಗೇರಿಯ ಒಬ್ಬ ಕುಶಲಕರ್ಮಿ ನನ್ನನ್ನು ಮಾಡಿದ. ಅವಸರದಲ್ಲಿ ಮುಚ್ಚಳ ಸಡಿಲವಾಯಿತು. ಯಾರಾದರೂ ಪಕ್ಕದಲ್ಲಿ ನಡೆದರೆ ಸಾಕು, ಗಡಗಡ ಎನ್ನುತ್ತೇನೆ. ಸುಮ್ಮನಿರುವುದು ನನ್ನ ಜಾಯಮಾನವೇ ಅಲ್ಲ.

ಎಸ್ತೇರಳ ಮದುವೆಯ ದಿನ ಅವಳ ತಾಯಿ ನನ್ನನ್ನು ಅವಳ ಕೈಗಿಟ್ಟಳು. "ದಿನಾ ಅಡಿಗಿಗೆ ಅಕ್ಕಿ ತಗೊಳ್ಳೂಮುಂದ ಮದಲ ಒಂದು ಹಿಡಿ ಪ್ರಭುವಿಗೆ ಇದರಾಗ ಹಾಕವ್ವಾ" ಎಂದಳು. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಎಲ್ಲ ಮನೆಗಳ ಹಿಡಿಯಕ್ಕಿ ಒಂದೆಡೆ ಸುರಿಯುತ್ತಾರೆ, ಬಡವರಿಗೆ ಹಂಚುತ್ತಾರೆ.

ಎಸ್ತೇರಳು ಮೆಚ್ಚಿ ಮದುವೆಯಾದದ್ದು ಮಗ್ಗದಲ್ಲಿ ಬಟ್ಟೆ ನೇಯುವ ದೇವಪ್ಪನನ್ನು. ಅವನ ತಾಯಿ ಫಕೀರವ್ವನದು ಯಲ್ಲಮ್ಮನನ್ನು ಜಗಲಿಯ ಮೇಲಿಟ್ಟು ಪೂಜಿಸುವ ಮನೆ. ನಾವು ಬಂದ ವಾರದಲ್ಲೇ ಆಕೆ, ಬೇರೆ ದೇವರ ಅಕ್ಕಿ ಈ ಮನೆಯಲ್ಲಿ ಬೇಡವೆಂದು ನನ್ನನ್ನು ಬೀದಿಗೆ ಎಸೆದಳು. ನನ್ನ ಸೊಂಟ ತಗ್ಗಾಯಿತು. ಎಸ್ತೇರಳು ಜಗಳವಾಡಲಿಲ್ಲ, ಅಕ್ಕಿ ಆರಿಸಿಕೊಂಡು ನನ್ನನ್ನು ಒಳಗೆ ತಂದಳು. ಮೂರು ಸಲ ಹೀಗಾಯಿತು. ನನಗೋ ಸಿಟ್ಟು ಬರುತ್ತಿತ್ತು, ಅವಳು ಒಂದು ಮಾತೂ ಆಡುವುದಿಲ್ಲವಲ್ಲ ಎಂದು.

ಕಾಮಾಲೆಯಾಗಿ ದೇವಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದ ಮೂರನೆಯ ದಿನ ಫಕೀರವ್ವ ಒಲೆಯ ಮುಂದೆ ಕೂಗಿದಳು.

"ಅಷ್ಟು ಪ್ರಾರ್ಥನಾ ಮಾಡಿದಿ. ನನ್ನ ಮಗನ್ನ ಉಳಿಸಿದನೇನ ನಿನ್ನ ದೇವರು? ಇನ್ನೂ ಅವಗ ಅಕ್ಕಿ ಹಾಕ್ತಿ?"

ಎಸ್ತೇರಳ ಹಿಡಿ ತುಂಬಿದ ಕೈ ನನ್ನ ಬಾಯಿಯ ಮೇಲೆ ನಿಂತಿತು. ಇಂದಿಗೆ ಬಿಟ್ಟೇಬಿಟ್ಟಳು, ಇನ್ನು ಹಾಕುವುದಿಲ್ಲ ಎಂದು ನಾನು ಹೆದರಿದೆ.

"ಪ್ರಭು, ಬಾಯಾಗ ಮಾತ ಬರವಲ್ದು," ಎಂದಳು. "ಇಷ್ಟ ತಗೋ."

ಅಕ್ಕಿ ಬಿತ್ತು. ಅಂದಿನಿಂದ ಅವಳ ಪ್ರಾರ್ಥನೆ ಅಷ್ಟೇ. ಸಂಜೆ ಹಾಡು ನಿಂತಿತು, ಬೈಬಲ್ಲು ಗೂಡಿನಲ್ಲೇ ಉಳಿಯಿತು. ಪ್ರತಿದಿನ ಬೆಳಿಗ್ಗೆ ಅವಳ ಕೈ ಬರುವವರೆಗೂ ನನಗೆ ತಳಮಳ.

ಒಂದು ಬೆಳಿಗ್ಗೆ ಆ ಕೈ ಬರಲೇ ಇಲ್ಲ. ಎಸ್ತೇರಳಿಗೆ ವಿಷಮಶೀತ ಜ್ವರ, ಚಾಪೆಯಿಂದ ಏಳಲಾರಳು. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಗಂಟುಗಟ್ಟಿದ ಬೆರಳುಗಳು ನನ್ನ ಮುಚ್ಚಳ ತೆಗೆದವು. ಫಕೀರವ್ವ! ಮತ್ತೆ ಬೀದಿಯೇ ಗತಿ ಎಂದು ಗಡಗಡ ನಡುಗಿದೆ.

ಏನೋ ಸುರಿಯಿತು. ಅಕ್ಕಿಯಲ್ಲ, ದಪ್ಪ ಕಾಳು. ಫಕೀರವ್ವ ಅತ್ತಿತ್ತ ನೋಡಿ ಮುಚ್ಚಳ ಒತ್ತಿದಳು. ಹನ್ನೊಂದು ದಿನ ಹೀಗೇ ನಡೆಯಿತು.

ಮೊದಲ ಭಾನುವಾರ ಎಸ್ತೇರಳು ಗೋಡೆ ಹಿಡಿದು ಎದ್ದಳು, ನನ್ನನ್ನು ಹೊತ್ತು ಚರ್ಚಿಗೆ ಬಂದಳು. ಬಟ್ಟೆಯ ಮೇಲೆ ಬಗ್ಗಿಸಿದಾಗ ಮೊದಲು ಬಿದ್ದದ್ದು ಜೋಳ, ಅದರ ಹಿಂದೆ ಅಕ್ಕಿ.

"ಎಸ್ತೇರವ್ವಾ, ಜೋಳ ಹೆಂಗ ಕೂಡಿತು?" ಎಂದರು ಸಭೆಯ ಹಿರಿಯರು.

ಮನೆಯಲ್ಲಿ ಜೋಳ ಮುಟ್ಟುವವಳು ಅತ್ತೆಯೊಬ್ಬಳೇ; ಎಸ್ತೇರಳು ಒಂದು ಹಿಡಿ ಜೋಳ ಎತ್ತಿಕೊಂಡು ಅಲ್ಲೇ ಕೂತಳು. ಗಂಡ ಸತ್ತ ಮೇಲೆ ಮೊದಲ ಬಾರಿಗೆ ಬಾಯಿಬಿಟ್ಟು ಅತ್ತಳು, ಅಳುತ್ತಲೇ ಪ್ರಾರ್ಥಿಸಿದಳು.

ಮನೆಯಲ್ಲಿ ಕೇಳಿದ್ದಕ್ಕೆ ಫಕೀರವ್ವ ಮುಖ ತಿರುಗಿಸಿದಳು. "ಅಕ್ಕೀನ ಆಗಬೇಕಂತ ನನಗೇನ ಗೊತ್ತು? ನಾ ರೊಟ್ಟಿ ಮಾಡಾಕಿ. ಮಗ ಸತ್ತ ಮ್ಯಾಲೂ ನೀ ಹಾಕೋದು ಬಿಡಲಿಲ್ಲ. ಜ್ವರಕ್ಕ ಬಿಡಬೇಕೇನ?"

ಈಗ ನನ್ನ ತಳ ತುಕ್ಕು ತಿಂದಿದೆ. ಹಿಡಿಯಕ್ಕಿಗೆ ಸ್ಟೀಲಿನ ಡಬ್ಬಿ ಬಂದಿದೆ. ಅಟ್ಟದ ಮೂಲೆಯಲ್ಲಿ ಕೂತು, ಎಲ್ಲವೂ ಅವಳೊಬ್ಬಳ ಕೈಯ ಮೇಲೇ ನಿಂತಿದೆ, ಆ ಕೈ ಸೋತರೆ ಮುಗಿಯಿತು ಎಂದು ಎಷ್ಟು ಚಡಪಡಿಸಿದೆನಲ್ಲ ಎಂದು ನಾಚುತ್ತೇನೆ. ನನ್ನ ಬೆಸುಗೆಯ ಸಂದಿಯಲ್ಲಿ ಅಂದಿನ ಒಂದು ಜೋಳದ ಕಾಳು ಸಿಕ್ಕಿಕೊಂಡಿದೆ. ಎಷ್ಟೋ ಸಲ ತೊಳೆದರೂ ಎಸ್ತೇರಳು ಅದನ್ನು ಕೀಳಲಿಲ್ಲ.