ಕಂಬಳಿಗೊಂದು ಹೆಬ್ಬೆಟ್ಟು

"ಲೇ ಮುದುಕಿ, ಕಿವಿ ಏನು ಕುರಿಗೆ ಮೇಯ್ಸಿ ಬಂದೀಯಾ? ನೀನು ಊರಾಗಿಲ್ಲ ಅಂತ ಎಷ್ಟು ಸಲ ಬೊಗಳಬೇಕು?"

ಗುಮಾಸ್ತ ಮಾರುತೇಶ್ ಇದನ್ನು ತಲೆ ಎತ್ತದೆಯೇ ಹೇಳಿದ. ಸೂರಮ್ಮ ತನ್ನ ಕಾಲ ಕಡೆ ಒಮ್ಮೆ ನೋಡಿಕೊಂಡಳು. ಎರಡೂ ಕಾಲು ನಾಡಕಚೇರಿಯ ನೆಲದ ಮೇಲೆಯೇ ಇದ್ದವು. ಎಡಗಾಲಿನ ಮಂಡಿ ಊದಿಕೊಂಡು, ಇಲ್ಲೇ ಇದ್ದೇನೆ ಎಂದು ಬೆಳಗಿನಿಂದ ಸಾರುತ್ತಲೂ ಇತ್ತು.

"ಊರಾಗಿಲ್ಲ ಅಂದ್ರೆ ಮತ್ತೆಲ್ಲಿದೀನಿ ಹೇಳಪ್ಪ?"

"ಹೊರರಾಜ್ಯದಾಗೆ. ವಲಸೆ ಹೋಗೀಯ. ಬರೆದೈತೆ ಇಲ್ಲಿ."

"ಬೆಳಿಗ್ಗೆ ಬಸ್ಸಿನಾಗೆ ಕಂಡಕ್ಟ್ರು ನನ್ನ ಕಾರ್ಡು ನೋಡ್ದ. ಕರ್ನಾಟಕದೋಳೇ, ಕುಂತ್ಕ ಅಜ್ಜಿ ಅಂತ ಕಾಸಿಲ್ಲದ ಟಿಕೀಟು ಹರಿದ್ಕೊಟ್ಟ. ಅವನ ಕಣ್ಣಿಗೆ ಬಿದ್ದೋಳು ನಿನ್ನ ಕಣ್ಣಿಗೆ ಯಾಕಪ್ಪ ಬೀಳಂಗಿಲ್ಲ?"

"ಹಂಗಾರೆ ಪಿಂಚಣಿನೂ ಆ ಕಂಡಕ್ಟ್ರುನ್ನೇ ಕೇಳೋಗು. ನೆಕ್ಸ್ಟ್."

ಸಾಲಿನಲ್ಲಿ ನಿಂತ ಮುದುಕರು ನಕ್ಕರು. ಯಾರ ಮಾತಿಗೆ ನಕ್ಕರೋ ಅವರಿಗೂ ತಿಳಿಯದು. ಸೂರಮ್ಮ ಕಿಟಕಿ ಬಿಟ್ಟು ಕದಲಲಿಲ್ಲ.

ಅವಳ ಕುರಿಹಟ್ಟಿಯಿಂದ ಒಂದು ಕೂಗಳತೆ ದಾಟಿದರೆ ಆಂಧ್ರ. ಅಲ್ಲಿ ನಾಯಿ ಬೊಗಳಿದರೆ ಇಲ್ಲಿ ನಾಯಿ ಓಗೊಡುತ್ತದೆ. ದೀಪಾವಳಿ ಕಳೆದು ಈ ಕಡೆ ಹುಲ್ಲು ಬತ್ತಿತೆಂದರೆ ಮಂದೆ ಹೊಡೆದುಕೊಂಡು ರಾಯದುರ್ಗದ ಕಡೆಯ ಕೂಳೆ ಹೊಲಗಳಿಗೆ ನಡೆಯುವುದು, ಮುಂಗಾರಿನ ಮೊದಲ ಹನಿಗೆ ಹಿಂತಿರುಗುವುದು. ಅಜ್ಜನ ಅಜ್ಜನ ಕಾಲದಿಂದ ಇದೇ ನಡಿಗೆ. ಅವರ ದೇವರೂ ಹಾಗೆಯೇ ಪೆಟ್ಟಿಗೆಯೊಳಗೆ ಕುಳಿತು, ಹೆಗಲ ಮೇಲೆ ಏರಿ, ಆ ಸೀಮೆಯಿಂದ ಈ ಸೀಮೆಗೆ ಬಂದವನು. ದೇವರ ಮೇಲೆ ವಲಸೆ ಎಂದು ಯಾರೂ ಷರಾ ಬರೆದಿರಲಿಲ್ಲ.

ಸೂರಮ್ಮನ ಮೇಲೆ ಬರೆದವರು ಉಪತಹಶೀಲ್ದಾರ್ ಮಹಾಂತೇಶಪ್ಪ. ಮೂರು ವರ್ಷದ ಕೆಳಗೆ, ನಿವೃತ್ತಿಗೆ ಒಂದು ತಿಂಗಳು ಉಳಿದಿದ್ದಾಗ, ಪಿಂಚಣಿಯವರ ಪರಿಶೀಲನೆಗೆಂದು ಜೀಪಿನಲ್ಲಿ ಹಟ್ಟಿಗೆ ಬಂದರು. ಮಾಘಮಾಸ. ಹಟ್ಟಿಯಲ್ಲಿ ಬೀಗ, ಕೋಳಿ, ಒಂದು ಕುರುಡು ನಾಯಿ. ಜೀಪಿನಿಂದ ಇಳಿಯದೆಯೇ ಒಂದು ಸಾಲು ಬರೆದು ಹೋದರು. ಸಿದ್ದಾಪುರದ ಬಂಡೆಯ ಮೇಲೆ ಯಾವನೋ ಅರಸ ಕೊರೆಸಿದ್ದು ಎರಡು ಸಾವಿರ ವರ್ಷವಾದರೂ ಅಳಿದಿಲ್ಲವಂತೆ. ಮಹಾಂತೇಶಪ್ಪನ ಬರಹವೂ ಅದೇ ಜಾತಿಯದು.

ಅಂದಿನಿಂದ ಪಿಂಚಣಿ ನಿಂತಿತು. ಪಿಂಚಣಿ ನಿಂತದ್ದಕ್ಕೆ ಅವಳು ಮತ್ತೆ ಮಂದೆಯ ಹಿಂದೆ ನಡೆದಳು. ನಡೆದದ್ದಕ್ಕೆ ಮತ್ತೆ ಊರಲ್ಲಿಲ್ಲದವಳಾದಳು. ಈ ಸಲ ಮಂಡಿ ಒಪ್ಪುತ್ತಿಲ್ಲ. ಸೊಸೆ ಕೆಟ್ಟವಳಲ್ಲ, ಇದ್ದದ್ದನ್ನೇ ಹೇಳಿದ್ದಳು: "ಪಿಂಚಣಿ ಆದ್ರೆ ಹಟ್ಟಿಯಾಗೆ ಇರು ಅತ್ತೆ, ಮಾತ್ರೆ ನುಂಗ್ಕಂಡು ಕಂಬಳಿ ನೂಲು ತೆಗಿ. ಆಗದಿದ್ರೆ ಸೋಮವಾರ ಮಂದೆ ಜೊತೆ ಹೊಂಡು. ಇಲ್ಲಿ ನಿನ್ನೊಬ್ಬಳಿಗೆ ಯಾರು ಬೇಯಿಸಿಕ್ತಾರೆ?" ಇಂದು ಶುಕ್ರವಾರ.

ಮಾರುತೇಶನ ಫೋನು ಗುಂಯ್ ಎಂದಿತು. ಅಲ್ಲಿಯ ತನಕ ಸೊಟ್ಟಗೆ ಕುಳಿತಿದ್ದವನು ಹೆಸರು ನೋಡಿದ್ದೇ ಎದ್ದು ನಿಂತ. ಫೋನಿಗೆ ಕೈ ಮುಗಿದ.

"ನಮಸ್ಕಾರ ಸರ್, ನಮಸ್ಕಾರ. ಎಲ್ಲಾ ರೆಡಿ ಐತೆ ಸರ್. ಮಹಜರು ಬರೆಸೀನಿ. ಐದು ಜನ ಪಂಚರು ಬೇಕು ಅಷ್ಟೇ."

ಸಂಗತಿ ಇಷ್ಟು. ಮಹಾಂತೇಶಪ್ಪನವರು ಈಗ ಆಸ್ಟ್ರೇಲಿಯಾದಲ್ಲಿ ಮಗಳ ಮನೆಯಲ್ಲಿದ್ದರು. ನಿವೃತ್ತಿ ವೇತನ ಮಾತ್ರ ತಿಂಗಳ ಮೊದಲ ದಿನ ಇಲ್ಲಿ ತಪ್ಪದೆ ಜಮೆಯಾಗುತ್ತಿತ್ತು. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಬದುಕಿದ್ದೇನೆಂದು ಪ್ರಮಾಣ ತೋರಿಸಬೇಕು. ಅಲ್ಲಿನ ನಮ್ಮ ಸರ್ಕಾರದ ಕಚೇರಿಗೆ ಹೋಗಿ ಮುಖ ತೋರಿಸಿದರೆ ಒಂದು ಮೊಹರು ಒತ್ತಿಕೊಡುತ್ತಾರೆ. ಆದರೆ ಅದಕ್ಕೆ ಮೂರು ತಾಸು ಕಾರಿನಲ್ಲಿ ಕೂರಬೇಕು, ಅವರಿಗೆ ಸೊಂಟ ನೋವು. ಆದ್ದರಿಂದ ಹಳೆಯ ಕಚೇರಿಯ ಹಳೆಯ ಶಿಷ್ಯನಿಗೆ ಹೇಳಿದ್ದರು: ಸ್ವಂತ ಊರಿನ ಐದು ಜನ ಫೋನಿನಲ್ಲಿ ನನ್ನನ್ನು ನೋಡಿ, ಮಾತಾಡಿಸಿ, ಬದುಕಿದ್ದಾರೆಂದು ಹೆಬ್ಬೆಟ್ಟು ಒತ್ತಲಿ. ಕಾನೂನಿನಲ್ಲಿ ಇಂಥದ್ದೊಂದು ಇದೆಯೋ ಇಲ್ಲವೋ ಮಾರುತೇಶನಿಗೆ ಗೊತ್ತಿರಲಿಲ್ಲ. ಕೆಲಸ ಕೊಡಿಸಿದವರು ಅವರು ಎಂಬುದಷ್ಟೇ ಗೊತ್ತಿತ್ತು.

ಅವನು ಸಾಲಿನತ್ತ ಕಣ್ಣು ಹಾಯಿಸಿದ. ಮೊದಲು ಸಿಕ್ಕವಳು ಸೂರಮ್ಮ.

"ಬಾ ಅಜ್ಜಿ, ಒಳಗೆ ಬಾ."

ಗಳಿಗೆಯ ಹಿಂದೆ ಊರಲ್ಲಿಲ್ಲದವಳು ಈಗ ಕಚೇರಿಯ ಒಳಗಿನವಳೇ ಆದಳು. ಕಂಪ್ಯೂಟರಿನ ಮುಂದಿದ್ದ ಹುಡುಗಿ ಶಶಿರೇಖಾ ಸ್ಟೂಲು ಸರಿಸಿಕೊಟ್ಟಳು. ಮಾರುತೇಶ್ ದನಿ ತಗ್ಗಿಸಿದ.

"ಹೆಬ್ಬೆಟ್ಟು ಒತ್ತು. ನಿನ್ನ ಪಿಂಚಣಿ ಹದಿನೈದು ದಿನದಾಗೆ ಸರಿ ಮಾಡಿಸ್ತೀನಿ. ನಮ್ಮಪ್ಪನಾಣೆ."

ಸೂರಮ್ಮನ ಎದೆ ಒಮ್ಮೆ ಹಗುರಾಯಿತು. ಹಟ್ಟಿಯ ಜಗುಲಿ, ಬಿಸಿಲು, ಚಾಚಿದ ಕಾಲು, ಬಿಸಿ ಅಂಬಲಿ ಎಲ್ಲ ಕಣ್ಣ ಮುಂದೆ ಬಂದವು. ನಾಯಕನಹಟ್ಟಿ ತಿಪ್ಪೇಸ್ವಾಮಿ ಕಡೆಗೂ ಕಣ್ಣು ಬಿಟ್ಟನೇನೋ ಎಂದುಕೊಂಡು ಮನಸ್ಸಿನಲ್ಲೇ ಕೈ ಮುಗಿದಳು. ಅಷ್ಟರಲ್ಲಿ ಮಾರುತೇಶ್ ಅವಳ ಕೈ ಹಿಡಿದೆಳೆದು ಹೆಬ್ಬೆರಳನ್ನು ಶಾಯಿಯ ದಿಂಬಿಗೆ ಒತ್ತಿಯೂ ಆಗಿತ್ತು.

"ತಡಿಯಪ್ಪ. ಯಾರು, ಏನು ಅಂತ ನೋಡಬ್ಯಾಡ್ವಾ?"

ಫೋನನ್ನು ಅವಳ ಮುಖದ ಮುಂದೆ ಹಿಡಿದ. ಗಾಜಿನೊಳಗೆ ಮಹಾಂತೇಶಪ್ಪ. ಕೆನ್ನೆ ತುಂಬಿಕೊಂಡಿತ್ತು. ಹಿಂದೆ ಕತ್ತರಿಸಿ ಒಪ್ಪ ಮಾಡಿದ ಹಸಿರು ಹುಲ್ಲು. ಅಷ್ಟು ಹುಲ್ಲಿದ್ದೂ ಒಂದು ಕುರಿಯಿಲ್ಲವಲ್ಲ ಎಂಬುದೇ ಅವಳಿಗೆ ಮೊದಲು ಹೊಳೆದದ್ದು.

"ಯಾರಮ್ಮ? ಗುರುತು ಸಿಕ್ತಾ ನನ್ನದು?" ಎಂದರು ಮಹಾಂತೇಶಪ್ಪ. "ಬೇಗ ಹೇಳಿ, ನಾನು ವಾಕಿಂಗ್ ಹೋಗಬೇಕು."

ಸೂರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಸಾಹೇಬರ ತೊಡೆಯ ಮೇಲೆ ಒಂದು ಕರಿ ಕಂಬಳಿ. ಅಂಚಿನಲ್ಲಿ ಎರಡು ಬಿಳಿ ಎಳೆ, ನಡುವೆ ಒಂದು ಕಂದು ಎಳೆ. ಆ ಅಂಚು ಹಾಕುವವರು ಇಡೀ ಸೀಮೆಯಲ್ಲಿ ಅವಳೊಬ್ಬಳೇ. ಚಳ್ಳಕೆರೆ ಸಂತೆಯಲ್ಲಿ ವ್ಯಾಪಾರಿಗಳು ಆ ಅಂಚು ನೋಡಿಯೇ ಸೂರಮ್ಮನದು ಎನ್ನುತ್ತಿದ್ದರು. ಪಿಂಚಣಿ ಪಟ್ಟಿಗೆ ಹೆಸರು ಹಾಕಿಸಿಕೊಂಡ ವರ್ಷ, "ನಮಗೊಂದು ಒಳ್ಳೇದು ಕೊಡಮ್ಮ" ಎಂದು ಇವರೇ ಕೇಳಿ ಒಯ್ದಿದ್ದರು. ಹುಣಸೆಬೀಜದ ಗಂಜಿ ಹಚ್ಚಿ ಹಚ್ಚಿ, ಉಜ್ಜಿ ಉಜ್ಜಿ, ಅವಳ ಹೆಬ್ಬೆರಳ ಗೆರೆ ಸವೆದದ್ದು ಇಂಥವುಗಳಿಂದಲೇ.

"ಕಂಬಳಿ ಐತೆ," ಎಂದಳು.

"ಏನು?"

"ಕಂಬಳಿ ಗುರುತು ಸಿಕ್ತು. ಅದು ನಂದು. ಅದು ಬದುಕೈತೆ ಅಂತ ಬರ್ಕ, ಹೆಬ್ಬೆಟ್ಟು ಒತ್ತುತೀನಿ. ಒಳಗೆ ಕುಂತೋರ ಸುದ್ದಿ ನಂಗೆ ತಿಳಿಯಾಕಿಲ್ಲ."

ಶಶಿರೇಖಾ ಕೀಲಿಮಣೆಯ ಮೇಲೆ ಬಾಗಿ ನಗು ನುಂಗಿದಳು. ಮಾರುತೇಶ್ ಹಲ್ಲು ಕಡಿದ.

"ಲೇ ಮುದಿ ಲೌಡಿ, ಮಾತಾಡ್ತಾ ಅವ್ರಲ್ಲ ಎದುರಿಗೆ, ಕಾಣ್ಸಾಕಿಲ್ವಾ?"

"ಕಾಣ್ತಾರೆ ಕಣಪ್ಪ. ನನ್ನ ಗಂಡ ಬೋರಯ್ಯ ಸತ್ತು ನಾಕು ವರ್ಷ ಆತು. ಮೊಮ್ಮಗಳು ಸ್ವಪ್ನನ ಫೋನಿನಾಗೆ ಇವತ್ತಿಗೂ ಕಾಣ್ತಾನೆ. ನಗ್ತಾನೆ, ಕೆಮ್ತಾನೆ, ಲೇ ಸೂರಿ ಹೊಗೆಸೊಪ್ಪು ತಾರೇ ಅಂತಾನೆ. ಹಂಗಂತ ಅವನೂ ಬದುಕವ್ನೆ ಅಂತ ಒತ್ತಲಾ?"

"ಅದು ಬೇರೆ, ಇದು ಬೇರೆ. ಇದು ಲೈವು."

"ನಮ್ಮಾಗೆ ಒಂದು ಕಟ್ಟಳೆ ಐತೆ. ಸಂಜೆ ರೊಪ್ಪಕ್ಕೆ ಕುರಿ ಕೂಡ್ವಾಗ ಬಾಗಿಲಾಗೆ ನಿಂತು ಒಂದೊಂದರ ಬೆನ್ನು ಮುಟ್ಟಿ ಎಣಿಸ್ತೀವಿ. ದೂರದಾಗೆ ಕಂಡಿದ್ದು ಕುರಿಯಲ್ಲ, ಕೈಗೆ ಸಿಕ್ಕಿದ್ದು ಕುರಿ. ಕಂಡಿದ್ದನ್ನೆಲ್ಲ ಎಣಿಸಿದ್ರೆ ತೋಳನೂ ಲೆಕ್ಕಕ್ಕೆ ಸೇರ್ತೈತೆ. ಸಾಹೇಬ್ರು ಬರ್ಲಿ. ಬೆನ್ನು ಮುಟ್ಟಿ ಒತ್ತುತೀನಿ."

ಫೋನಿನೊಳಗಿಂದ ಮಹಾಂತೇಶಪ್ಪ ಕೇಳಿಸಿಕೊಂಡರು. "ಏನ್ ಮಾರುತೇಶ್ ಇದು, ಯಾವ ಅನಾಗರಿಕರನ್ನ ಕರಕೊಂಡು ಬಂದಿದೀಯ? ಇವಳ ಹೆಸರು ಪಟ್ಟಿಯಲ್ಲಿ ಇದೆಯಾ?"

"ಇಲ್ಲ ಸರ್. ತಾವೇ ತೆಗೆಸಿದ್ರಿ."

ಅವನು ಹೇಳಬಾರದ್ದನ್ನು ಹೇಳಿಬಿಟ್ಟಿದ್ದ. ಸೂರಮ್ಮ ಶಶಿರೇಖಾಳ ಕಡೆ ತಿರುಗಿದಳು.

"ಅವ್ವಾ, ನನ್ನ ಕಾಗದದಾಗೆ ಏನು ಬರೆದೈತೆ, ಒಂದು ಸಲ ಓದವ್ವ."

ಶಶಿರೇಖಾ ಮಾರುತೇಶನನ್ನು ನೋಡಿದಳು, ಸೂರಮ್ಮನ ಶಾಯಿ ಹತ್ತಿದ ಬೆರಳನ್ನು ನೋಡಿದಳು. ಆಮೇಲೆ ಗಟ್ಟಿಯಾಗಿ ಓದಿದಳು: "ಸದರಿಯವರು ಸ್ವಗ್ರಾಮದಲ್ಲಿ ವಾಸವಿರುವುದಿಲ್ಲ. ಗಡಿ ದಾಟಿ ಹೋಗಿರುತ್ತಾರೆ. ಆದ್ದರಿಂದ ಸರ್ಕಾರದ ಸೌಲಭ್ಯಕ್ಕೆ ಅರ್ಹರಿರುವುದಿಲ್ಲ."

"ಚೆಂದ ಬರೆದಾರೆ. ಅದನ್ನೇ ಸಾಹೇಬ್ರ ಕಾಗದಕ್ಕೂ ಇಳಿಸು. ನಾನು ದಾಟಿದ್ದು ಒಂದು ಹಳ್ಳ, ಅವ್ರು ದಾಟಿದ್ದು ಸಮುದ್ರ. ಒಂದು ಹೆಬ್ಬೆಟ್ಟೇನು, ಹತ್ತೂ ಬೆರಳು ಒತ್ತುತೀನಿ."

"ಹೊರಗೆ ಹಾಕ್ರೋ ಈ ಮುಂಡೇದನ್ನ," ಎಂದು ಮಾರುತೇಶ್ ಸಾಲಿನತ್ತ ಕೂಗಿದ. ಯಾರೂ ಅಲುಗಲಿಲ್ಲ. ಅವನು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಹಜರು ಹಿಡಿದು ಸಾಲಿನೊಳಕ್ಕೇ ನುಗ್ಗಿದ. ಮೊದಲಿಗಳು ಕೆಂಚಕ್ಕ, ಗಂಡ ಸತ್ತವಳು, ಕಡಲೆಕಾಯಿ ಸುಲಿಯುವ ಕೂಲಿ ಅವಳದು.

"ಕೆಂಚಕ್ಕ, ನೀನು ಒತ್ತು."

"ನಾನು ಬಡವಿ ಅಲ್ವಂತೆ ಸ್ವಾಮಿ. ನಂಗೆ ಟ್ಯಾಕ್ಟ್ರು ಐತೆ ಅಂತ ಸಾಹೇಬ್ರು ಬರೆದವ್ರೆ. ಟ್ಯಾಕ್ಟ್ರು ಇರೋರು ಹೆಬ್ಬೆಟ್ಟು ಒತ್ತಿದ್ರೆ ಮರ್ಯಾದಿ ಉಳಿತೈತಾ? ಮೊದ್ಲು ಟ್ಯಾಕ್ಟ್ರು ಎಲ್ಲಿ ನಿಲ್ಸೀನಿ ಅಂತ ಅವ್ರನ್ನೇ ಕೇಳ್ರಿ, ಹತ್ತಿ ಬರ್ತೀನಿ."

ಅವಳ ಹಿಂದೆ ಹೊನ್ನೂರಸ್ವಾಮಿ. ಗಡಿಯಂಚಿನ ಊರಿನಲ್ಲಿ ಹೆಣಕ್ಕೆ ಕುಣಿ ತೋಡುವವನು. ಅರ್ಧ ತೆಲುಗು, ಅರ್ಧ ಕನ್ನಡ.

"ನೇನು ಲೇನು ಸಾರ್. ನಾನೂ ಇಲ್ಲ. ಸತ್ತು ಎರಡು ವರ್ಷ ಆತು, ನಿಮ್ಮ ಪುಸ್ತಕದಾಗೆ. ಊರಿಗೆಲ್ಲ ಕುಣಿ ತೋಡೋನು ನಾನು, ನಂದು ಯಾವ ಬೋಳಿಮಗ ತೋಡಿದ ಅಂತ ಕೇಳಾಕೆ ಬಂದೀನಿ. ಸತ್ತೋನು ಬದುಕಿರೋರಿಗೆ ಸಾಕ್ಷಿ ನಿಂತ್ರೆ ದೋಷ ಸಾರ್."

ಮಾರುತೇಶ್ ಸಾಲಿನ ಕೊನೆಯ ತನಕ ಹೋದ. ಒಬ್ಬನಿಗೆ ದಾಖಲೆಯಲ್ಲಿ ವಯಸ್ಸು ಸಾಲದು, ಅವನ ಮಗನಿಗೆ ಅವನಿಗಿಂತ ಹೆಚ್ಚು ವಯಸ್ಸು. ಇನ್ನೊಬ್ಬಳ ಗಂಡ ಕಾಗದದಲ್ಲಿ ಬದುಕಿದ್ದ. ಎಲ್ಲರೂ ಕೈಗಳನ್ನು ಕಂಬಳಿಯೊಳಗೆ, ಸೆರಗೊಳಗೆ, ಕಂಕುಳೊಳಗೆ ಸೇರಿಸಿಕೊಂಡರು. ಇಡೀ ಸಾಲಿನಲ್ಲಿ ಸಾಕ್ಷಿ ಹೇಳಲು ಸರ್ಕಾರದ ಪ್ರಕಾರ ಸರಿಯಾಗಿ ಇದ್ದವರು ಒಬ್ಬರೂ ಸಿಗಲಿಲ್ಲ.

"ಮಾರುತೇಶ್, ಏನಾಗ್ತಿದೆ ಅಲ್ಲಿ? ನನಗೆ ಈ ತಿಂಗಳ..." ಎಂದರು ಮಹಾಂತೇಶಪ್ಪ. ಮಾತು ಅಲ್ಲಿಗೇ ತುಂಡಾಯಿತು. ನೆಟ್‌ವರ್ಕ್ ಸತ್ತು ಸಾಹೇಬರ ಮುಖ ಗಾಜಿನಲ್ಲಿ ಹಾಗೇ ನಿಂತಿತು. ಬಾಯಿ ತೆರೆದಿತ್ತು. ಒಂದು ಕಣ್ಣು ಅರ್ಧ ಮುಚ್ಚಿತ್ತು.

"ಸರ್? ಸರ್..." ಮಾರುತೇಶ್ ಫೋನು ಅಲ್ಲಾಡಿಸಿದ, ಕಿಟಕಿಗೆ ಹಿಡಿದ, ಮೇಲಕ್ಕೆತ್ತಿದ.

ಸೂರಮ್ಮ ಸ್ಟೂಲಿನಿಂದ ಮಂಡಿ ಹಿಡಿದುಕೊಂಡು ಎದ್ದು ಬಂದಳು. ಹದಿನೈದು ದಿನದ ಮಾತು ಅವಳ ತಲೆಯಲ್ಲಿ ಇನ್ನೊಮ್ಮೆ ಸುಳಿದು ಹೋಯಿತು. ಸೋಮವಾರದ ದಾರಿಯೂ ಸುಳಿಯಿತು, ಮೊದಲ ದಿನದ ಕಲ್ಲು, ಎರಡನೆಯ ದಿನದ ಮುಳ್ಳು. ಆದರೂ ಕೈ ಚಾಚಿ, ಕುರಿಮರಿಯನ್ನು ಎತ್ತಿಕೊಳ್ಳುವಷ್ಟು ಮೆಲ್ಲಗೆ, ಅವನ ಕೈಯಿಂದ ಫೋನು ತೆಗೆದುಕೊಂಡಳು. ಸಾಲಿನ ಪಕ್ಕದ ಮೇಜಿನ ಮೇಲೆ, ಅವನ ಇನ್ನೊಂದು ಕೈಯಲ್ಲಿದ್ದ ಮಹಜರಿನ ಕಾಗದ ಹಾಸಿ, ಅಂಗಾತ ಮಲಗಿಸಿದಳು. ಒಂದು ಸಲ ಬಾಗಿಲ ಬಿಸಿಲು ನೋಡಿ ದಿಕ್ಕು ಅಂದಾಜು ಮಾಡಿಕೊಂಡು, ತಲೆ ತೆಂಕಲಿಗೆ ಬರುವಂತೆ ತಿರುಗಿಸಿದಳು. ಎಲೆಅಡಿಕೆ ಚೀಲದಿಂದ ಒಂದು ರೂಪಾಯಿ ನಾಣ್ಯ ತೆಗೆದು ಸಾಹೇಬರ ಹಣೆಯ ಮೇಲೆ ಇಟ್ಟು, ಶಾಯಿಯ ಹೆಬ್ಬೆರಳಿನಿಂದ ಒತ್ತಿದಳು.

"ಮುಟ್ಟಿದೆ ಕಣಪ್ಪ," ಎಂದಳು. "ತಣ್ಣಗೈತೆ."

ಸಾಲಿನಲ್ಲಿ ಯಾರೋ ತಲೆಯ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಕೆಂಚಕ್ಕ ಸೆರಗು ಬಾಯಿಗೆ ಹಿಡಿದಳು. ಅಳುವೋ ನಗುವೋ ಗೊತ್ತಾಗದಂತೆ ಅವಳ ಹೆಗಲು ಕುಣಿಯುತ್ತಿತ್ತು. ಸೂರಮ್ಮ ಕಂಬಳಿ ಹೆಗಲಿಗೇರಿಸಿ, ಬಾಗಿಲ ಚೌಕಟ್ಟು ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಹಿಂತಿರುಗಿ ನೋಡಲಿಲ್ಲ. ಹೆಣಕ್ಕೆ ಕಾಸಿಟ್ಟ ಮೇಲೆ ನೋಡಬಾರದು.

ಮೇಜಿನ ಮೇಲೆ ಗಾಜಿನೊಳಗಿನ ಮುಖ ಅಲುಗಿತು. ನೆಟ್‌ವರ್ಕ್ ಬಂದಿತ್ತು. "ಹಲೋ," ಎಂದರು ಮಹಾಂತೇಶಪ್ಪ ನಾಣ್ಯದ ಅಡಿಯಿಂದ. "ಹಲೋ, ನಾನು ಕಾಣಿಸ್ತಾ ಇದೀನಾ?"

ಮಾರುತೇಶ್ ನಾಣ್ಯ ತೆಗೆಯಲು ಕೈ ಚಾಚಿದ. ಹೊನ್ನೂರಸ್ವಾಮಿಯ ಕೈ ಅದಕ್ಕಿಂತ ಮೊದಲು ಅಡ್ಡ ಬಂತು, ಅಂಗೈ ಮೇಲಾಗಿ, ಮಣ್ಣಿನ ಗೆರೆಗಳೊಂದಿಗೆ.

"ತಡೀರಿ ಸಾರ್. ಆ ಕಾಸು ಕುಣಿ ತೋಡೋನಿಗೆ ಸೇರ್ತೈತೆ."