ನರ್ಸಮ್ಮ ಹುಡುಕಿಸಿದ ಪದ
೧೯೭೮ರ ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ ಚಲುವಮ್ಮ ಎಂಬಾಕೆ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಚಿಕ್ಕರಸಿನಕೆರೆಯ ಆರೋಗ್ಯ ಕೇಂದ್ರಕ್ಕೆ ಬಂದಳು. ಅಲ್ಲಿ ಹನ್ನೊಂದು ವರ್ಷದಿಂದ ನರ್ಸಾಗಿದ್ದವರು ಪಂಕಜಮ್ಮ.

“ಅಗಲೊತ್ತು ಚೆಂದಾಗೇ ಆಡ್ಕೊಂಡಿರ್ತದೆ. ಸಂಜೆ ಆಯ್ತು ಅಂದ್ರೆ ಗೋಡೆ ತಡವ್ಕೊಂಡು ಓಯ್ತದೆ ಕಣಮ್ಮ,” ಎಂದಳು ಚಲುವಮ್ಮ.

ಇರುಳುಗಣ್ಣು ಎಂದು ಪಂಕಜಮ್ಮನವರಿಗೆ ಕೂಡಲೇ ತಿಳಿಯಿತು. ಎ ವಿಟಮಿನ್ ಔಷಧಿ ಕುಡಿಸಿ ಕಳಿಸಿದರು. ಆದರೆ ಆ ಮಾತು ಅವರನ್ನು ಬಿಡಲಿಲ್ಲ. ಇಂಥದೇ ಮಾತನ್ನು ಹಿಂದೆಯೂ ಯಾವುದೋ ಜಗಲಿಯಲ್ಲಿ ಕೂತು, ಬೇರೆ ಮಾತಿನ ನಡುವೆ ಗಮನಿಸದೆ ಕೇಳಿದ್ದು ನೆನಪಿತ್ತು, ಯಾರ ಜಗಲಿ ಎಂಬುದು ಮರೆತಿತ್ತು. ಅವರು ತಿರುಗುತ್ತಿದ್ದ ಹಳ್ಳಿಗಳು ಹದಿನಾಲ್ಕು. ಕಪಾಟಿನಲ್ಲಿದ್ದ ಔಷಧಿ ಎರಡೇ ಬಾಟಲಿ.

ಬೇರೆ ನರ್ಸುಗಳು ಮನೆ ಭೇಟಿಯ ಪುಸ್ತಕದಲ್ಲಿ ‘ಮಗು ಕ್ಷೇಮ’ ಎಂದು ಬರೆದು ಮುಗಿಸಿದರೆ, ಪಂಕಜಮ್ಮ ತಾಯಂದಿರು ಆಡಿದ ಮಾತನ್ನು ಆಡಿದಂತೆಯೇ ಬರೆಯುತ್ತಿದ್ದರು. ಅಂಥ ನಾಲ್ಕು ವರ್ಷದ ಪುಸ್ತಕಗಳನ್ನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಒಯ್ದು, ಒಂದಕ್ಷರ ಬಿಡದೆ ಇಂಗ್ಲಿಷ್ ಲಿಪಿಯಲ್ಲಿ ಕಂಪ್ಯೂಟರಿಗೆ ಏರಿಸಿತ್ತು. ಪಂಕಜಮ್ಮ ಒಂದು ದಿನ ರಜೆ ಹಾಕಿ ಮದ್ದೂರಿನಲ್ಲಿ ಬೆಂಗಳೂರಿನ ಬಸ್ಸು ಹತ್ತಿದರು. ಪುಸ್ತಕ ಕೊಟ್ಟರೆ ಅಲ್ಲೇ ಕೂತು ಹಾಳೆ ತಿರುವುವುದು, ಮುಗಿಯದಿದ್ದರೆ ಮುಂದಿನ ವಾರ ಮತ್ತೆ ಬರುವುದು ಎಂದುಕೊಂಡಿದ್ದರು.

ಅಲ್ಲಿ ಯಂತ್ರ ನಡೆಸುತ್ತಿದ್ದವಳು ಗೋದಾ, ಇಪ್ಪತ್ತೈದರ ಹುಡುಗಿ. ವಿಷಯವೆಲ್ಲ ಕೇಳಿಕೊಂಡು, ಪುಸ್ತಕ ಬೇಡ, ಪದ ಹೇಳಿ ಸಾಕು ಎಂದಳು. ಟೈಪ್‌ರೈಟರಿನಂಥ ಯಂತ್ರದ ಮುಂದೆ ಕೂತು ಒಂದೇ ಸಾಲು ಹೊಡೆದಳು: ಹುಡುಕು ಎಂಬ ಆಜ್ಞೆ, ‘ಇರುಳುಗಣ್ಣು’ ಎಂಬ ಪದ, ಹದಿನಾಲ್ಕು ಹಳ್ಳಿಗಳ ಫೈಲುಗಳ ಹೆಸರು. ಯಂತ್ರ ಗಡಗಡನೆ ಮೂರು ಸಾಲು ಅಚ್ಚು ಹಾಕಿ ನಿಂತುಬಿಟ್ಟಿತು.

ನಾಲ್ಕು ವರ್ಷದ ಬರಹವನ್ನು ಅದು ಅಷ್ಟರಲ್ಲೇ ಓದಿ ಮುಗಿಸಿದ್ದನ್ನು ಪಂಕಜಮ್ಮ ನಂಬಲಾರದೆ ನೋಡಿದರು. ಮೂರೇ ಇರಲಾರದು ಎಂದೂ ಅನ್ನಿಸಿತು. ಗೋದಾಳ ಕಡೆ ತಿರುಗಿ ಹೇಳಿದರು:

“ಇರುಳುಗಣ್ಣು ಅನ್ನೋದು ನನ್ನ ಮಾತು. ಅವರು ಹಾಗನ್ನೋದಿಲ್ಲಮ್ಮ. ‘ಸಂಜೆ’ ಅಂತ ಹುಡುಕಿ.”

ಈ ಸಲ ಕಾಗದ ನಿಲ್ಲದೆ ಬಂತು. ಸಂಜೆ ಜ್ವರ, ಸಂಜೆ ಬಸ್ಸು, ಸಂಜೆ ಬಾ ಎಂದವರು, ಎಲ್ಲ ಸೇರಿ ಸಾವಿರದ ಹತ್ತಿರ. ಗೋದಾ ಬೇಸರಪಡಲಿಲ್ಲ. ಆ ಸಾಲುಗಳಲ್ಲೇ ಮತ್ತೆ ತಡವುವ, ಎಡವುವ ಮಾತಿಗಾಗಿ ‘ತಡವ್’, ‘ಎಡವ್’ ಎಂಬ ತುಣುಕುಗಳನ್ನು ಹುಡುಕಲು ಯಂತ್ರಕ್ಕೆ ಹೇಳಿದಳು. ನಲವತ್ತೊಂದು ಸಾಲು ಉಳಿದವು. ಪ್ರತಿ ಸಾಲಿನ ಮುಂದೆ ಹಳ್ಳಿಯ ಹೆಸರಿತ್ತು. ಇಪ್ಪತ್ತಾರು ಒಂದೇ ಹಳ್ಳಿಯವು, ಚಲುವಮ್ಮನ ಹಳ್ಳಿಯವು.

ಪಂಕಜಮ್ಮ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ಇದು ದೇವಿರಮ್ಮನ ಮನೆ, ಇದು ಜವರಯ್ಯನ ಸೊಸೆ ಹೇಳಿದ್ದು ಎಂದು ಗುರುತಿಸುತ್ತಾ ಹೋದರು. ಗೋದಾ ಕೈ ಕಟ್ಟಿಕೊಂಡು ಕೇಳುತ್ತಿದ್ದಳು.

“ಸಿಸ್ಟರ್, ನೀವು ಬರೆದಿರದಿದ್ದರೆ ಈ ಯಂತ್ರಕ್ಕೇನೂ ಸಿಗ್ತಿರಲಿಲ್ಲ,” ಎಂದಳು.

“ನೀವಿಲ್ಲದಿದ್ದರೆ ನಾನು ದೀಪಾವಳಿ ತನಕ ಹುಡುಕ್ತಿದ್ದೆ,” ಎಂದರು ಪಂಕಜಮ್ಮ.

ಆ ಕಾಗದ ನೋಡಿದ ಮಂಡ್ಯದ ವೈದ್ಯಾಧಿಕಾರಿ ಹೆಚ್ಚು ಪ್ರಶ್ನೆ ಕೇಳದೆ ಔಷಧಿ ಕಳಿಸಿದರು. ಪಂಕಜಮ್ಮ ಪಟ್ಟಿಯ ಮನೆಗಳಿಗೆಲ್ಲ ನಡೆದು ಹೋಗಿ ಔಷಧಿ ಕುಡಿಸಿದರು, ನುಗ್ಗೆಸೊಪ್ಪು, ಪರಂಗಿಹಣ್ಣು ತಿನ್ನಿಸಲು ಹೇಳಿದರು. ದೇವಿರಮ್ಮನ ಮೊಮ್ಮಗನ ಒಂದು ಕಣ್ಣು ಆಗಲೇ ಹೋಗಿತ್ತು. ಉಳಿದ ಮಕ್ಕಳು ಚೇತರಿಸಿಕೊಂಡವು.

ಡಿಸೆಂಬರಿನಲ್ಲಿ ಗೋದಾ ತಾನೇ ಚಿಕ್ಕರಸಿನಕೆರೆಗೆ ಬಂದಳು. ಎರಡು ದಿನ ಪಂಕಜಮ್ಮನವರ ಜೊತೆ ಮನೆಮನೆ ತಿರುಗಿದಳು. ಕೆಮ್ಮಿಗೆ, ಭೇದಿಗೆ, ಸೊರಗಿದ ಮಗುವಿಗೆ ತಾಯಂದಿರು ಏನೇನು ಅನ್ನುತ್ತಾರೆಂದು ಒಂದೊಂದಾಗಿ ಕೇಳಿ, ಮುಂದೆ ಯಂತ್ರದಲ್ಲಿ ಹುಡುಕಲು ಆ ಪದಗಳನ್ನು ಬರೆದುಕೊಂಡಳು.